ಹೊಟ್ಟು, ಕಣಿಕೆ, ತೌಡು ತಿನ್ನುವ ಕುರಿಗಳಲ್ಲಿ ತೊಂದರೆ ಕಂಡಾಗ: ಲಕ್ಷಣದಿಂದ ಕಾರಣದ ಕಡೆಗೆ

ಸುಗ್ಗಿ ಮುಗಿದ ಮೇಲೆ ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಕುರಿ ಹಿಂಡುಗಳ ಹೊಟ್ಟೆ ತುಂಬುವುದು ಬಹುಪಾಲು ಬೆಳೆಯ ಉಳಿಕೆಯಿಂದಲೇ. ಮಸಾರಿ ಹೊಲದ ಶೇಂಗಾ ಹೊಟ್ಟು, ಎರೆ ಹೊಲದ ಕಡಲೆ ಹೊಟ್ಟು ಮತ್ತು ಬಿಳಿಜೋಳದ ಕಣಿಕೆ (ಒಣಗಿದ ದಂಟು), ತೊಗರಿ ಹೊಟ್ಟು, ತುಂಗಭದ್ರಾ ಕಾಲುವೆ ಕೆಳಗಿನ ಭತ್ತದ ಹುಲ್ಲು, ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಅಕ್ಕಿ ಗಿರಣಿಗಳಿಂದ ಬರುವ ತೌಡು ಮತ್ತು ನುಚ್ಚು, ಇವೆಲ್ಲ ಕೆಂಗುರಿಗೂ ಬಳ್ಳಾರಿ ಕುರಿಗೂ ಒಗ್ಗಿದ ಆಹಾರವೇ. ಆದ್ದರಿಂದ ತೊಂದರೆ ಕಂಡಾಗ ಮೇವಿನ ಜಾತಿಯನ್ನು ದೂರುವ ಮುನ್ನ, ಆ ಮೇವು ಹೇಗೆ ಕೂಡಿಟ್ಟದ್ದು, ಎಷ್ಟು ಹಾಕಲಾಯಿತು ಮತ್ತು ಎಷ್ಟು ಹಠಾತ್ತಾಗಿ ಬದಲಾಯಿಸಲಾಯಿತು ಎಂಬ ಮೂರನ್ನು ನೋಡಬೇಕು. ಹೆಚ್ಚಿನ ತೊಂದರೆಗಳ ಬೇರು ಈ ಮೂರರಲ್ಲೇ ಇರುತ್ತದೆ.

ಮೊದಲ ಪ್ರಶ್ನೆ: ತೊಂದರೆ ಎಷ್ಟು ಬೇಗ ಬಂತು?

ಔಷಧಿ ಅಂಗಡಿಗೆ ಹೋಗುವ ಮುನ್ನ ಈ ಪ್ರಶ್ನೆಗೆ ಉತ್ತರ ಕಂಡುಕೊಂಡರೆ ಅರ್ಧ ಕೆಲಸ ಮುಗಿದಂತೆ. ಮೇಯುತ್ತಿರುವಾಗಲೇ ಅಥವಾ ಮೇದು ಒಂದು ಗಂಟೆಯೊಳಗೆ ಕುರಿ ಬಿದ್ದರೆ ಅದು ವಿಷದ ಲಕ್ಷಣ. ಕೆಲವು ಗಂಟೆಗಳಲ್ಲಿ ಹೊಟ್ಟೆ ಬಿಗಿದರೆ ಉಬ್ಬರ. ಅರ್ಧ ದಿನದಿಂದ ಒಂದೂವರೆ ದಿನದೊಳಗೆ ಮಂಕಾಗಿ ಭೇದಿ ಹಿಡಿದರೆ ಕಾಳು ಹೆಚ್ಚಾಗಿ ತಿಂದಿರುವ ಸಂಭವವೇ ದೊಡ್ಡದು. ವಾರಗಟ್ಟಲೆ ನಿಧಾನವಾಗಿ ಸೊರಗಿದರೆ ಮೇವಿನ ಸತ್ವ, ಜಂತುಹುಳು, ಬೂಷ್ಟು ಇವುಗಳ ಕಡೆ ಗಮನ ಹರಿಸಬೇಕು. ಎಲ್ಲ ಕುರಿಗಳಿಗೂ ಒಟ್ಟಿಗೆ ಬಂದಿದೆಯೋ ಅಥವಾ ಒಂದೆರಡಕ್ಕೆ ಮಾತ್ರವೋ ಎಂಬುದನ್ನೂ ಗುರುತಿಸಿಕೊಳ್ಳಬೇಕು, ಏಕೆಂದರೆ ಹಿಂಡಿಗೆ ಹಿಂಡೇ ಒಂದೇ ಹೊತ್ತಿಗೆ ಕಾಯಿಲೆ ಬಿದ್ದರೆ ಹೊಸದಾಗಿ ಹಾಕಿದ ಮೇವನ್ನು ಅಥವಾ ಆ ದಿನ ಮೇಯಿಸಿದ ಹೊಲವನ್ನು ತಕ್ಷಣ ನಿಲ್ಲಿಸುವುದೇ ಮೊದಲ ಚಿಕಿತ್ಸೆ.

ಹೊಟ್ಟು ಗೋದಲಿಯಲ್ಲೇ ಉಳಿಯುತ್ತಿದೆ

ಕುರಿ ಮೇವು ಬಿಟ್ಟಿತೆಂದರೆ ಕಾಯಿಲೆ ಎಂದುಕೊಳ್ಳುವ ಮುನ್ನ ಗೋದಲಿಯಲ್ಲಿ ಉಳಿದದ್ದನ್ನು ಕೈಯಿಂದ ಕೆದಕಿ ನೋಡಬೇಕು. ಎಲೆ ಮತ್ತು ಸಣ್ಣ ಪುಡಿ ಖಾಲಿಯಾಗಿ ದಪ್ಪ ಕಡ್ಡಿ ಮಾತ್ರ ಉಳಿದಿದ್ದರೆ ಕುರಿ ಆರೋಗ್ಯವಾಗಿದೆ, ಆರಿಸಿ ತಿನ್ನುತ್ತಿದೆ ಎಂದರ್ಥ. ಕಣಿಕೆಯನ್ನು ಎರಡು ಮೂರು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಉಪ್ಪು ಕರಗಿಸಿದ ನೀರನ್ನು ತೆಳ್ಳಗೆ ಚಿಮುಕಿಸಿ ಹಾಕಿದರೆ ಈ ತೊಂದರೆ ಬಹುಮಟ್ಟಿಗೆ ಹೋಗುತ್ತದೆ. ಚಿಮುಕಿಸಿದ ಮೇವನ್ನು ಮರುದಿನಕ್ಕೆ ಉಳಿಸಬಾರದು.

ಎಲ್ಲವೂ ಹಾಕಿದ ಹಾಗೆಯೇ ಉಳಿದಿದ್ದರೆ ವಾಸನೆ ನೋಡಿ, ಬಳಿಕ ಬಣವೆಗೆ ಹೋಗಿ ಮೊಣಕೈವರೆಗೆ ಕೈ ತೂರಿಸಿ ಒಳಗಿನ ಹುಲ್ಲನ್ನು ಹೊರಗೆಳೆಯಿರಿ. ಒಳಗೆ ಬಿಸಿ ತಗುಲಿದರೆ, ಹುಲ್ಲು ಒಂದಕ್ಕೊಂದು ಅಂಟಿಕೊಂಡು ಬಿಳಿ, ಕಪ್ಪು ಅಥವಾ ಹಸಿರು ಬೂಷ್ಟು ಕಂಡರೆ, ಮುಗ್ಗಲು ವಾಸನೆ ಮೂಗಿಗೆ ಬಡಿದರೆ, ಆ ಭಾಗದ ಮೇವನ್ನು ಹಿಂಡಿಗೆ ಹಾಕಕೂಡದು. ಕೊಯ್ಲು ಯಂತ್ರ ಬಿಟ್ಟುಹೋದ ಭತ್ತದ ಹುಲ್ಲನ್ನು ಇಬ್ಬನಿ ಆರುವ ಮೊದಲೇ ಕಟ್ಟಿ ಒಟ್ಟಿದಾಗ ಹೀಗಾಗುವುದು ಹೆಚ್ಚು.

ಕಣ ಗುಡಿಸಿ ತುಂಬಿದ ಹೊಟ್ಟಾದರೆ ಮಣ್ಣಿನ ಪರೀಕ್ಷೆಯನ್ನೂ ಮಾಡಬೇಕು. ಒಂದು ಬೊಗಸೆ ಹೊಟ್ಟನ್ನು ಬಕೆಟ್ ನೀರಿಗೆ ಹಾಕಿ ಕಲಕಿ, ಐದು ನಿಮಿಷ ಬಿಟ್ಟು ಮೇಲಿನದನ್ನು ತೆಗೆದರೆ ತಳದಲ್ಲಿ ಕೂತ ಮಣ್ಣು, ಮರಳು ಕಣ್ಣಿಗೆ ಕಾಣುತ್ತದೆ. ತಳ ಮುಚ್ಚುವಷ್ಟು ಮಣ್ಣು ಕೂತರೆ ಆ ಹೊಟ್ಟನ್ನು ಕೇರಿ, ಜರಡಿ ಹಿಡಿದೇ ಬಳಸಬೇಕು. ಶೇಂಗಾ ಹೊಟ್ಟು ಕೊಳ್ಳುವವರು ಅದರಲ್ಲಿ ಕಾಯಿಯ ಸಿಪ್ಪೆ ಎಷ್ಟು ಬೆರೆತಿದೆ ಎಂದು ನೋಡಿ ಕೊಳ್ಳಬೇಕು. ಬಳ್ಳಿ ಮತ್ತು ಎಲೆಯಲ್ಲಿರುವ ಸತ್ವ ಸಿಪ್ಪೆಯಲ್ಲಿಲ್ಲ, ಅದು ಬರಿಯ ನಾರು.

ಮೇವು ಚೆನ್ನಾಗಿದ್ದೂ ಕುರಿ ಮೂಸದೆ ದೂರ ನಿಂತರೆ, ಮೆಲುಕು ಹಾಕದಿದ್ದರೆ, ಬಾಯಿಯಲ್ಲಿ ಹುಣ್ಣು, ಜೊಲ್ಲು ಅಥವಾ ಜ್ವರ ಕಂಡರೆ ಮೇವಿನ ವಿಚಾರಣೆ ಅಲ್ಲಿಗೇ ನಿಲ್ಲಿಸಿ. ಅದು ಹಿರೇಬೇನೆ, ನೀಲಿ ನಾಲಿಗೆ ಅಥವಾ ಕಾಲುಬಾಯಿ ಬೇನೆ ಇರಬಹುದು. ಅಂಥ ಕುರಿಯನ್ನು ಬೇರೆ ಕಟ್ಟಿ ಪಶುವೈದ್ಯರಿಗೆ ತಿಳಿಸಬೇಕು.

ಹೊಟ್ಟೆ ತುಂಬಿದೆ, ಮೈ ಮಾತ್ರ ಹಿಡಿಯುತ್ತಿಲ್ಲ

ಇದು ಒಣ ಮೇವಿನ ಕಾಲದ ಅತಿ ಸಾಮಾನ್ಯ ದೂರು. ಇಲ್ಲಿ ಸುಲಭದ ಮೂರು ತಪಾಸಣೆಗಳಿಗೆ ಕಾಸು ಖರ್ಚಿಲ್ಲ.

ಮೊದಲನೆಯದು ನೀರು. ಒಣ ಮೇವನ್ನೇ ತಿನ್ನುವ ದೊಡ್ಡ ಕುರಿ ಬೇಸಿಗೆಯಲ್ಲಿ ದಿನಕ್ಕೆ 4ರಿಂದ 6 ಲೀಟರ್ ನೀರು ಕುಡಿಯಬಲ್ಲದು. ನೀರು ಕಡಿಮೆಯಾದರೆ ಮೇವೂ ತಾನಾಗಿಯೇ ಕಡಿಮೆಯಾಗುತ್ತದೆ.

ಎರಡನೆಯದು ಹಿಕ್ಕೆ. ಮುಂಜಾನೆ ದಡ್ಡಿ ಗುಡಿಸುವಾಗ ನಾಲ್ಕಾರು ಹಿಕ್ಕೆಗಳನ್ನು ಬೆರಳಲ್ಲಿ ಒಡೆದು ನೋಡಿ. ಕಲ್ಲಿನಂತೆ ಗಟ್ಟಿಯಾಗಿದ್ದು ಒಳಗೆ ಉದ್ದುದ್ದ ನಾರಿನ ಎಳೆಗಳು ಉಳಿದಿದ್ದರೆ ಮೇವು ಸರಿಯಾಗಿ ಜೀರ್ಣವಾಗುತ್ತಿಲ್ಲ. ಇದಕ್ಕೆ ಹೆಚ್ಚಾಗಿ ಪ್ರೋಟೀನಿನ ಕೊರತೆಯೇ ಕಾರಣ. ಮೆಲುಕು ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಮೇವಿನಲ್ಲಿ ಸುಮಾರು ಶೇ 7ರಷ್ಟು ಪ್ರೋಟೀನು ಬೇಕು. ಭತ್ತದ ಹುಲ್ಲಿನಲ್ಲಿ ಇರುವುದು ಶೇ 3ರಿಂದ 4, ಜೋಳದ ಕಣಿಕೆಯಲ್ಲಿ ಸುಮಾರು ಶೇ 4ರಿಂದ 5, ಎಲೆ ಉದುರದ ಶೇಂಗಾ ಬಳ್ಳಿಯಲ್ಲಿ ಶೇ 8ರಿಂದ 12. ಬರಿ ಭತ್ತದ ಹುಲ್ಲು ತಿಂದ ಕುರಿ ಹೊಟ್ಟೆ ಉಬ್ಬಿಸಿಕೊಂಡು ಬೆನ್ನು ಮೂಳೆ ತೋರಿಸುವುದು ಇದೇ ಕಾರಣಕ್ಕೆ. ಪರಿಹಾರವೂ ಕೈಯಳತೆಯಲ್ಲೇ ಇದೆ: ಹುಲ್ಲಿನ ಅರ್ಧ ಭಾಗವನ್ನು ಶೇಂಗಾ ಅಥವಾ ತೊಗರಿ ಹೊಟ್ಟಿಗೆ ಬದಲಾಯಿಸುವುದು, ದೊಡ್ಡ ಕುರಿಗೆ ದಿನಕ್ಕೆ 100ರಿಂದ 200 ಗ್ರಾಂ ಹಿಂಡಿ ಕೊಡುವುದು, ಬದುವಿನ ಸುಬಾಬುಲ್, ನುಗ್ಗೆ, ಚೊಗಚೆ ಸೊಪ್ಪನ್ನು ಒಂದೆರಡು ಹಿಡಿ ಸೇರಿಸುವುದು. ತಿಂಗಳುಗಟ್ಟಲೆ ಹಸಿರೇ ಇಲ್ಲದೆ ಒಣ ಮೇವಿನ ಮೇಲಿರುವ ಕುರಿಗಳು ಸಂಜೆಗತ್ತಲಲ್ಲಿ ಎಡವಿದರೆ ಎ ಜೀವಸತ್ವದ ಕೊರತೆಯಿಂದ ಇರುಳುಗುರುಡು ಬಂದಿರಬಹುದು. ಆಗಲೂ ಈ ಸೊಪ್ಪೇ ಮೊದಲ ಮದ್ದು.

ಮೂರನೆಯದು ಕಣ್ಣಿನ ಕೆಳರೆಪ್ಪೆ. ಹೆಬ್ಬೆರಳಿನಿಂದ ರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆಳೆದು, ಒಳಗಿನ ಪೊರೆಯ ಬಣ್ಣವನ್ನು ಬಿಸಿಲಿನ ಬೆಳಕಿನಲ್ಲಿ ನೋಡಬೇಕು. ಕೆಂಪಾಗಿದ್ದರೆ ರಕ್ತ ಸಾಕಷ್ಟಿದೆ. ಬಿಳಿಚಿಕೊಂಡಿದ್ದರೆ, ಗದ್ದದ ಕೆಳಗೆ ನೀರು ತುಂಬಿದ ಬಾವು ಇದ್ದರೆ, ನೀವು ಹಾಕಿದ ಹಿಂಡಿ ಜಂತುಹುಳುವಿನ ಪಾಲಾಗುತ್ತಿದೆ. ಕಾಲುವೆ ಕೆಳಗಿನ ಗದ್ದೆಗಳಲ್ಲಿ, ಬಸವನಹುಳು ಇರುವ ಜವುಗಿನಲ್ಲಿ ಮೇದ ಹಿಂಡಿಗೆ ಯಕೃತ್ತಿನ ಚಪ್ಪಟೆ ಹುಳುವೂ ಇರಬಹುದು. ಅದಕ್ಕೆ ಎಲ್ಲ ಜಂತಿನ ಔಷಧಿಗಳೂ ಕೆಲಸ ಮಾಡುವುದಿಲ್ಲ. ಅಂಗಡಿಯಿಂದ ತಂದ ಒಂದೇ ಔಷಧಿಯನ್ನು ವರ್ಷಕ್ಕೆ ಹಲವು ಸಲ ಕಣ್ಣು ಮುಚ್ಚಿ ಕುಡಿಸುವ ರೂಢಿ ನಮ್ಮ ಹಿಂಡುಗಳಿಗೆ ದೊಡ್ಡ ನಷ್ಟ ಮಾಡುತ್ತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಹುಳು ಆ ಔಷಧಿಗೆ ಒಗ್ಗಿಹೋಗುತ್ತದೆ. ನಾಲ್ಕಾರು ಕುರಿಗಳ ತಾಜಾ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿ, ಅವರು ಹೇಳಿದ್ದನ್ನು ಕುರಿಯ ತೂಕಕ್ಕೆ ತಕ್ಕಂತೆ ಕುಡಿಸಬೇಕು.

ಈ ಮೂರೂ ಸರಿಯಿದ್ದು, ಭತ್ತದ ಹುಲ್ಲನ್ನೇ ನೆಚ್ಚಬೇಕಾದ ಸ್ಥಿತಿಯಿದ್ದರೆ ಯೂರಿಯಾ ಉಪಚಾರ ಯೋಚಿಸಬಹುದು. 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ತೆಗೆದ ಮೇಲೆ ಘಾಟು ಹೋಗುವವರೆಗೆ ಹರಡಿ ಆರಿಸಿಯೇ ಹಾಕಬೇಕು. ಆರು ತಿಂಗಳೊಳಗಿನ ಮರಿಗಳಿಗೆ ಇದು ಬೇಡ. ತೂಕ ಮಾಡದೆ ಅಂದಾಜಿನಲ್ಲಿ ಯೂರಿಯಾ ಹಾಕುವವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಎಡ ಹೊಟ್ಟೆ ಡೊಳ್ಳಿನಂತೆ ಬಿಗಿದಿದೆ

ಎಡ ಪಕ್ಕೆಯ ಹಿಂದಿನ ಗುಳಿ ತುಂಬಿ ಬೆನ್ನಿನ ಮಟ್ಟಕ್ಕೆ ಬಂದಿದ್ದು, ಬೆರಳಿಂದ ತಟ್ಟಿದರೆ ಟೊಳ್ಳು ಸದ್ದು ಬಂದರೆ ಅದು ಹೊಟ್ಟೆ ಉಬ್ಬರ. ಹಸಿದ ಹಿಂಡನ್ನು ಬೆಳಗಿನ ಇಬ್ಬನಿಯಲ್ಲೇ ಹಸಿ ಕಡಲೆ, ಹೆಸರು ಅಥವಾ ಕುದುರೆ ಮೆಂತ್ಯದ ಹೊಲಕ್ಕೆ ಬಿಟ್ಟಾಗ ನೊರೆಯುಬ್ಬರ ಬರುತ್ತದೆ. ಒಂದೇ ಕುರಿಗೆ ಬಂದಿದ್ದರೆ ಗಂಟಲಲ್ಲಿ ಏನಾದರೂ ಸಿಕ್ಕಿದೆಯೇ ಎಂದು ಹೊರಗಿನಿಂದ ಸವರಿ ನೋಡಬೇಕು.

ಕುರಿ ನಿಂತಿದ್ದು ಸಲೀಸಾಗಿ ನುಂಗುತ್ತಿದ್ದರೆ, ಮುಂಗಾಲು ಎತ್ತರದ ಜಾಗದಲ್ಲಿ ಬರುವಂತೆ ನಿಲ್ಲಿಸಿ 50ರಿಂದ 100 ಮಿ.ಲೀ. ಶೇಂಗಾ ಅಥವಾ ಸೂರ್ಯಕಾಂತಿ ಎಣ್ಣೆಯನ್ನು ಬಾಯಿಯ ಪಕ್ಕದಿಂದ ನಿಧಾನವಾಗಿ ಕುಡಿಸಿ, ಬಳಿಕ ಮೆಲ್ಲಗೆ ನಡೆದಾಡಿಸಬೇಕು. ತಲೆಯನ್ನು ಮೇಲಕ್ಕೆ ಸೆಟೆಸಿ ಕುಡಿಸಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಿದ್ದಿರುವ ಅಥವಾ ತೇಕುತ್ತಿರುವ ಕುರಿಗೆ ಏನನ್ನೂ ಕುಡಿಸಬಾರದು. ಅರ್ಧ ಗಂಟೆಯಲ್ಲಿ ಇಳಿಮುಖ ಕಾಣದಿದ್ದರೆ, ಬಾಯಿ ತೆರೆದು ಉಸಿರಾಡತೊಡಗಿದರೆ ವೈದ್ಯರೇ ಬೇಕು. ಚಾಕುವಿನಿಂದ ಹೊಟ್ಟೆಗೆ ತಿವಿಯುವುದನ್ನು ಕಂಡವರಿದ್ದಾರೆ. ನೊರೆಯುಬ್ಬರದಲ್ಲಿ ಅದರಿಂದ ಗಾಳಿ ಹೊರಬರುವುದಿಲ್ಲ, ಗಾಯ ಕೀವಾಗುವುದಷ್ಟೇ ಉಳಿಯುತ್ತದೆ.

ಮಂಕಾಗಿದೆ, ತೂರಾಡುತ್ತದೆ, ಭೇದಿಗೆ ಹುಳಿ ವಾಸನೆ

ಕೊಯ್ಲಾದ ಭತ್ತದ ಗದ್ದೆಯಲ್ಲಿ ಯಂತ್ರ ಚೆಲ್ಲಿದ ಕಾಳು, ಮೆಕ್ಕೆಜೋಳ ಒಕ್ಕುವ ಕಣದ ಅಂಚಿನ ರಾಶಿ, ಬಿಚ್ಚಿಟ್ಟ ನುಚ್ಚಿನ ಚೀಲ, ಇವುಗಳಿಗೆ ಕುರಿ ಬಾಯಿ ಹಾಕಿದ ಮಾರನೆಯ ದಿನ ಈ ಚಿತ್ರ ಕಾಣುತ್ತದೆ. ಕಾಳಿನ ಪಿಷ್ಟ ಮೆಲುಕು ಹೊಟ್ಟೆಯಲ್ಲಿ ಹುಳಿತು ಆಮ್ಲವಾಗಿ, ಮೈಯ ನೀರನ್ನೆಲ್ಲ ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಎಡ ಪಕ್ಕೆಯನ್ನು ಮುಷ್ಟಿಯಿಂದ ಒತ್ತಿ ಬಿಟ್ಟರೆ ಒಳಗೆ ನೀರು ಕಲಕಿದ ಸದ್ದು ಕೇಳಿಸುವುದು, ಕಣ್ಣು ಒಳಸೇರುವುದು, ಭೇದಿಯಲ್ಲಿ ಅರೆಬರೆ ಕಾಳು ಕಾಣುವುದು ಇದರ ಗುರುತು. ಕಾಳು, ತೌಡು, ನುಚ್ಚನ್ನು ಪೂರ್ತಿ ನಿಲ್ಲಿಸಿ ಒಣಹುಲ್ಲು ಮಾತ್ರ ಇಡಬೇಕು. ಕಾಳು ತಿಂದದ್ದು ಗೊತ್ತಿದ್ದು ಇನ್ನೂ ಲಕ್ಷಣ ಕಾಣದ ಕುರಿಗಳಿಗೂ ಇದೇ ಕ್ರಮ. ನೆಲಕ್ಕೆ ಬಿದ್ದ ಕುರಿಗೆ ನರಕ್ಕೆ ದ್ರವ ಕೊಡದೆ ಉಳಿಗಾಲವಿಲ್ಲ, ಆದ್ದರಿಂದ ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು.

ಇದೇ ಕಾಲದಲ್ಲಿ ಹಿಂಡಿನ ಕೊಬ್ಬಿದ, ಚೆನ್ನಾಗಿ ಬೆಳೆಯುತ್ತಿದ್ದ ಮರಿಯೇ ರಾತ್ರಿ ಬೆಳಗಾಗುವುದರೊಳಗೆ ಸತ್ತು ಬಿದ್ದರೆ ಕರುಳುಬೇನೆಯನ್ನು ಶಂಕಿಸಬೇಕು. ಕಾಳು ಹೆಚ್ಚಾದಾಗ ಕರುಳಿನಲ್ಲಿ ಮೊದಲೇ ಇರುವ ರೋಗಾಣು ಮಿತಿಮೀರಿ ಬೆಳೆದು ವಿಷ ಉಂಟುಮಾಡುವ ಬೇನೆ ಇದು. ಬಂದ ಮೇಲೆ ಚಿಕಿತ್ಸೆಗೆ ಸಮಯವೇ ಸಿಗುವುದಿಲ್ಲ. ಮುಂಗಾರಿಗೆ ಮುಂಚೆ ಲಸಿಕೆ ಹಾಕಿಸುವುದು, ಮೊದಲ ಸಲ ಹಾಕಿಸುವವರು ಎರಡು ಮೂರು ವಾರದ ನಂತರ ಇನ್ನೊಂದು ಸಲ ಹಾಕಿಸುವುದು, ಕಾಳು ಮತ್ತು ತೌಡನ್ನು 10ರಿಂದ 14 ದಿನಗಳಲ್ಲಿ ದಿನಕ್ಕಿಷ್ಟೆಂದು ಏರಿಸುವುದು, ಇವೇ ದಾರಿ. ಸತ್ತ ಕುರಿಯ ಮೂಗು, ಬಾಯಿ, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಮಾಂಸ ಹಂಚಬಾರದು. ಅದು ಮನುಷ್ಯರಿಗೂ ತಗಲುವ ಆಂಥ್ರಾಕ್ಸ್ ಆಗಿರಬಹುದು.

ಮೇಯುತ್ತಿದ್ದಂತೆಯೇ ಬಿದ್ದು ಒದ್ದಾಡುತ್ತಿದೆ

ಇಲ್ಲಿ ನಿಮಿಷಗಳ ಲೆಕ್ಕ. ಮೊದಲು ಉಳಿದ ಕುರಿಗಳನ್ನು ಆ ಹೊಲದಿಂದ ಹೊರಗೆ ಹೊಡೆಯಿರಿ, ಪಶು ಸಹಾಯವಾಣಿ 1962ಕ್ಕೆ ಅಥವಾ ಹತ್ತಿರದ ವೈದ್ಯರಿಗೆ ಕರೆ ಮಾಡಿ. ಅವರು ಬರುವವರೆಗೆ ಕೆಳಗಿನ ಗುರುತುಗಳನ್ನು ನೋಡಿಟ್ಟುಕೊಂಡರೆ ಯಾವ ಚುಚ್ಚುಮದ್ದು ಎಂಬ ತೀರ್ಮಾನ ಬೇಗ ಆಗುತ್ತದೆ.

ಜೋಳ ಕೊಯ್ದ ಹೊಲದಲ್ಲಿ ಒಂದು ಮಳೆಗೆ ಕೂಳೆಯಿಂದ ಚಿಗುರೊಡೆದಿದ್ದರೆ, ಅಥವಾ ಮಳೆಯಿಲ್ಲದೆ ಬಾಡಿ ಕುಳ್ಳಾಗಿ ನಿಂತ ಎಳೆಜೋಳವನ್ನು ಮೇದಿದ್ದರೆ, ಹೈಡ್ರೋಸಯನಿಕ್ ಆಮ್ಲದ ವಿಷವೇ ಮೊದಲ ಶಂಕೆ. ಒಸಡು ಮತ್ತು ಕಣ್ಣಿನ ಪೊರೆ ಢಾಳಾದ ಕೆಂಪಾಗಿರುತ್ತದೆ. ಇದಕ್ಕೆ ಪ್ರತಿವಿಷವಿದೆ, ಆದರೆ ಅದನ್ನು ವೈದ್ಯರು ನರಕ್ಕೇ ಕೊಡಬೇಕು. ಜೋಳ ಹೂವಾಡುವ ಮೊದಲು ಹಸಿಯಾಗಿ ಮೇಯಿಸದಿರುವುದು ಕ್ಷೇಮ. ಬಲಿತ ಮೇಲೆ ಕೊಯ್ದು ಚೆನ್ನಾಗಿ ಒಣಗಿಸಿದ ಕಣಿಕೆಯಿಂದ ಈ ಭಯವಿಲ್ಲ.

ಇದಕ್ಕೆ ಬದಲಾಗಿ ಪೊರೆಗಳು ಕಂದು ಬಣ್ಣಕ್ಕೆ ತಿರುಗಿ, ರಕ್ತ ಚಾಕೊಲೇಟ್ ಬಣ್ಣ ಹೊಂದಿದ್ದರೆ ನೈಟ್ರೇಟ್ ವಿಷ. ಯೂರಿಯಾ ಮೇಲುಗೊಬ್ಬರ ಹೆಚ್ಚಾಗಿ ಹಾಕಿ, ಆಮೇಲೆ ನೀರಿಲ್ಲದೆ ಸೊರಗಿದ ಮೆಕ್ಕೆಜೋಳ, ಸಜ್ಜೆ, ಜೋಳದಲ್ಲಿ ಇದು ಕೂಡಿಕೊಳ್ಳುತ್ತದೆ. ಒಣಗಿಸಿದರೂ ನೈಟ್ರೇಟ್ ಹೋಗುವುದಿಲ್ಲ.

ಯೂರಿಯಾ ಉಪಚರಿಸಿದ ಹುಲ್ಲು ತಿಂದು ಅಥವಾ ಗೊಬ್ಬರದ ಚೀಲ ನೆಕ್ಕಿ ಒಂದು ಗಂಟೆಯೊಳಗೆ ಮೈ ಅದುರಿ, ಜೊಲ್ಲು ಸುರಿದು, ಹೊಟ್ಟೆ ಉಬ್ಬಿದರೆ ಯೂರಿಯಾ ವಿಷ. ಇನ್ನೂ ನಿಂತಿರುವ, ನುಂಗಬಲ್ಲ ದೊಡ್ಡ ಕುರಿಗೆ ಅರ್ಧದಿಂದ ಒಂದು ಲೀಟರ್ ವಿನೆಗರ್ ಕುಡಿಸುವುದು ವೈದ್ಯರು ಬರುವವರೆಗಿನ ಪ್ರಥಮ ಚಿಕಿತ್ಸೆ.

ಹತ್ತಿ ಬಿಡಿಸಿದ ಮೇಲೆ ಗಿಡ ಮೇಯಿಸುವಾಗ, ಮೆಣಸಿನಕಾಯಿ ಹೊಲದಲ್ಲಿ ಕುರಿ ತರುಬುವಾಗ (ಗೊಬ್ಬರಕ್ಕೆಂದು ಹಿಂಡನ್ನು ಹೊಲದಲ್ಲಿ ನಿಲ್ಲಿಸುವಾಗ) ಕೀಟನಾಶಕದ ಶೇಷ ಮರೆಯಬಾರದ ವಿಷಯ. ಜೊಲ್ಲು, ಕಣ್ಣೀರು, ಭೇದಿ, ನಡುಕ ಇದ್ದು ಕಣ್ಣಿನ ಪಾಪೆ ಸಣ್ಣ ಗೀರಿನಂತೆ ಕುಗ್ಗಿದ್ದರೆ ಅದೇ ಕಾರಣವೆಂದು ತಿಳಿಯಬೇಕು. ಹೊಲದ ಮಾಲೀಕರನ್ನು ಕೊನೆಯ ಸಿಂಪರಣೆ ಯಾವಾಗ, ಯಾವ ಔಷಧಿ ಎಂದು ಮೊದಲೇ ಕೇಳಿ ತಿಳಿದು ಹಿಂಡು ಇಳಿಸುವುದು ಯಾರಿಗೂ ಮುಜುಗರದ ಮಾತಾಗಬಾರದು. ಬದುವಿನಲ್ಲಿ ಎಸೆದ ಡಬ್ಬಿ ಸಿಕ್ಕರೆ ಬರಿಗೈಯಲ್ಲಿ ಮುಟ್ಟದೆ ಅದರ ಚೀಟಿಯ ಫೋಟೊ ತೆಗೆದು ವೈದ್ಯರಿಗೆ ತೋರಿಸಿ.

ಟಗರು ಉಚ್ಚೆಗೆ ತಿಣುಕುತ್ತಿದೆ

ಕಟ್ಟಿ ಮೇಯಿಸುವ ಟಗರುಗಳಿಗೆ, ಅದರಲ್ಲೂ ಬೀಜ ಒಡೆದವುಗಳಿಗೆ ಬರುವ ತೊಂದರೆ ಇದು. ಬಾಲ ಅಲುಗಿಸುತ್ತ, ಬೆನ್ನು ಬಾಗಿಸಿ ತಿಣುಕಿದರೂ ಹನಿ ಹನಿಯಾಗಿ ಬರುವುದು, ಹೊಟ್ಟೆಯನ್ನು ಒದ್ದುಕೊಳ್ಳುವುದು, ತುದಿಯ ಕೂದಲಿಗೆ ಮರಳಿನಂಥ ಹರಳು ಅಂಟಿರುವುದು ಮೂತ್ರಕಲ್ಲಿನ ಗುರುತು. ಮಲಬದ್ಧತೆ ಎಂದು ತಿಳಿದು ಎಣ್ಣೆ ಕುಡಿಸಿ ದಿನ ಕಳೆಯುವವರು ಹೆಚ್ಚು. ಹಾಗೆ ಮಾಡಬಾರದು. ಅದೇ ದಿನ ವೈದ್ಯರಿಗೆ ತೋರಿಸಬೇಕು. ತಿಣುಕುವುದು ತಟ್ಟನೆ ನಿಂತು ಕುರಿ ನೆಮ್ಮದಿಯಾದಂತೆ ಕಂಡು, ಮಾರನೆಯ ದಿನ ಕೆಳಹೊಟ್ಟೆ ಊದಿದರೆ ಮೂತ್ರಕೋಶ ಒಡೆದಿದೆ.

ಕಾರಣ ಬಹುತೇಕ ತೌಡು. ಅಕ್ಕಿ ತೌಡಿನಲ್ಲಿ ರಂಜಕ ಬಹಳ, ಸುಣ್ಣಾಂಶ ತೀರ ಕಡಿಮೆ. ಆಹಾರದಲ್ಲಿ ರಂಜಕದ ಎರಡು ಪಟ್ಟು ಸುಣ್ಣಾಂಶ ಇರಬೇಕು. ಗಿರಣಿ ಹತ್ತಿರವಿದೆ, ತೌಡು ಅಗ್ಗ ಎಂದು ದಾಣಿಯನ್ನೆಲ್ಲ (ಕಾಳು, ಹಿಂಡಿ, ತೌಡಿನ ಮಿಶ್ರ ಆಹಾರ) ತೌಡಿನಿಂದಲೇ ತುಂಬಿದರೆ ಕಲ್ಲು ಕಟ್ಟುತ್ತದೆ. ದಾಣಿ ಮಿಶ್ರಣಕ್ಕೆ ಶೇ 1ರಿಂದ 1.5ರಷ್ಟು ಸುಣ್ಣದ ಕಲ್ಲಿನ ಪುಡಿ, ಶೇ 1ರಷ್ಟು ಉಪ್ಪು ಬೆರೆಸಿ, ಶೇಂಗಾ ಅಥವಾ ತೊಗರಿ ಹೊಟ್ಟನ್ನು ಜೊತೆಗಿಟ್ಟು, ತಣ್ಣೀರು ಸದಾ ಎದುರಿಗಿರುವಂತೆ ನೋಡಿಕೊಂಡರೆ ಹೊಸದಾಗಿ ಬರುವುದು ಕಡಿಮೆಯಾಗುತ್ತದೆ.

ಕಣ್ಣು ಹಳದಿ, ಉಚ್ಚೆ ಕೆಂಪು

ಮನೆಯಲ್ಲಿ ಪರಿಹಾರವಿಲ್ಲದ ಲಕ್ಷಣ ಇದು. ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ ಹುಳುವಿನಿಂದ ಬರುವ ರಕ್ತಜ್ವರವೂ ಇರಬಹುದಾದ್ದರಿಂದ ರಕ್ತ ಪರೀಕ್ಷೆಯಾಗಲೇಬೇಕು. ಮೇವಿನ ಕಡೆಯಿಂದ ಎರಡು ಕಾರಣ ಹುಡುಕಬಹುದು. ಒಂದು, ಬೂಷ್ಟು ಹಿಡಿದ ಶೇಂಗಾ ಹಿಂಡಿ ಅಥವಾ ಮೆಕ್ಕೆಜೋಳದಲ್ಲಿರುವ ಅಫ್ಲಾಟಾಕ್ಸಿನ್. ಇದು ವಾರಗಟ್ಟಲೆ ಯಕೃತ್ತನ್ನು ಕೆಡಿಸುತ್ತದೆ. ಬಿಸಿಲಿಗೆ ಹರವಿದರೆ ಬೂಷ್ಟು ಒಣಗುತ್ತದೆಯೇ ಹೊರತು ವಿಷ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಇನ್ನೊಂದು, ತಾಮ್ರ. ದನಕ್ಕೂ ಕೋಳಿಗೂ ಹಿತವಾದ ತಾಮ್ರದ ಪ್ರಮಾಣ ಕುರಿಗೆ ವಿಷವಾಗಬಲ್ಲದು. ಆದ್ದರಿಂದ ದನದ ಖನಿಜ ಮಿಶ್ರಣ, ಕೋಳಿ ಆಹಾರ, ಕೋಳಿ ಗೊಬ್ಬರವನ್ನು ಕುರಿಯ ದಾಣಿಗೆ ಸೇರಿಸಬೇಡಿ, ಕುರಿಗೆಂದೇ ತಯಾರಿಸಿದ ಮಿಶ್ರಣ ಕೇಳಿ ತನ್ನಿ.

ಹತ್ತಿಕಾಳು, ಬಳ್ಳಾರಿ ಜಾಲಿ ಕಾಯಿ ಹಾಕುವವರಿಗೆ

ಹತ್ತಿಕಾಳಿನಲ್ಲಿರುವ ಗಾಸಿಪಾಲ್ ಎಂಬ ಅಂಶವನ್ನು ಮೆಲುಕು ಹೊಟ್ಟೆ ಬಲಿತ ಕುರಿ ಒಂದು ಮಿತಿಯವರೆಗೆ ತಡೆದುಕೊಳ್ಳುತ್ತದೆ, ಎಳೆಮರಿ ತಡೆಯಲಾರದು. ಮರಿಗಳು ಏದುಸಿರು ಬಿಡುತ್ತ ಒಂದೊಂದಾಗಿ ಸತ್ತರೆ ಹತ್ತಿಕಾಳು ನಿಲ್ಲಿಸಿ ವೈದ್ಯರಿಗೆ ಹೇಳಬೇಕು. ಬೀಜದ ಟಗರಿಗೂ ಇದನ್ನು ದಿನವೂ ಹಾಕುವುದು ತರವಲ್ಲ. ಬಳ್ಳಾರಿ ಜಾಲಿಯ ಕಾಯಿ ಸಿಹಿಯಾದ್ದರಿಂದ ಕುರಿ ಮುಗಿಬಿದ್ದು ತಿನ್ನುತ್ತದೆ. ಒಣಗಿಸಿ ಪುಡಿ ಮಾಡಿ, ಒಟ್ಟು ಆಹಾರದ ಕಾಲುಭಾಗ ಮೀರದಂತೆ ಕೊಟ್ಟರೆ ಒಳ್ಳೆಯ ಮೇವು. ಇಡಿಯಾಗಿ ಹಾಕಿದರೆ ಬೀಜ ಹಿಕ್ಕೆಯಲ್ಲಿ ಹಾಗೆಯೇ ಹೊರಬಿದ್ದು, ತರುಬಿದ ಹೊಲದಲ್ಲೆಲ್ಲ ಜಾಲಿ ಮೊಳೆಯುತ್ತದೆ.

ವೈದ್ಯರು ಬರುವಾಗ ಸಿದ್ಧವಿರಬೇಕಾದದ್ದು

ಕಳೆದ ಮೂರು ದಿನ ಹಿಂಡು ಎಲ್ಲೆಲ್ಲಿ ಮೇಯಿತು, ಯಾವ ಮೇವು ಹೊಸದಾಗಿ ಬಂತು, ಎಷ್ಟಕ್ಕೆ ತೊಂದರೆ, ಎಷ್ಟು ಸತ್ತವು, ಯಾವ ಲಸಿಕೆ ಯಾವಾಗ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಶಂಕೆಯಿರುವ ಮೇವಿನ ಅರ್ಧ ಕೆ.ಜಿ.ಯಷ್ಟನ್ನು ಬಟ್ಟೆ ಅಥವಾ ಕಾಗದದ ಚೀಲದಲ್ಲಿ ತೆಗೆದಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಬೂಷ್ಟು ಬೆಳೆದರೆ ಪರೀಕ್ಷೆಯ ಫಲ ತಪ್ಪುತ್ತದೆ. ಹಸಿ ಚಿಗುರಾದರೆ ಮಾತ್ರ ಬಾಯಿ ಬಿಗಿದ ಡಬ್ಬಿಯಲ್ಲಿ ತಂಪಾಗಿಟ್ಟು ಅದೇ ದಿನ ತಲುಪಿಸಬೇಕು. ವೈದ್ಯರು ನೋಡುವವರೆಗೆ ಸತ್ತ ಕುರಿಯನ್ನು ಹೂಳದೆ, ನಾಯಿಗಳು ಮುಟ್ಟದಂತೆ ಮುಚ್ಚಿ ನೆರಳಿನಲ್ಲಿಡಬೇಕು.